ಆರಿಸುವ ಹೊತ್ತು

ಡಾಂಬರಿನ ಡ್ರಮ್ಮೊಂದನ್ನು ಉರುಳಿಸಿಕೊಂಡು ಬಂದಳು ಬುದವಂತಿ,
ಹೆದ್ದಾರಿ ಅಗಲ ಮಾಡಿದವರು ಬಿಟ್ಟುಹೋದದ್ದು.
'ತಲೆ ಕೊಯ್ದು ಕೊಡಾ ಆಚಾರಿ,
ತಳಕ್ಕೆ ಏಳೆಂಟು ತೂತು.'
ಗೇಟು, ಗ್ರಿಲ್ಲು, ದೋಣಿಯ ಲಂಗರು ಕೇಳುವವರ ಅವರ್ಸೆಯಲ್ಲಿ
ಇದೆಂತ ಹೊಸ ಗಿರಾಕಿ ಎಂದು ಗ್ಯಾಸು ಹಚ್ಚಿದೆ.
ಒಳಗಂಟಿದ ಡಾಂಬರು ಹೊಗೆಯೆದ್ದು
ಅರ್ಧ ಕೇರಿ ಕೆಮ್ಮಿತು.

ಗಿರಣಿಯ ಹಿತ್ತಿಲ ಉಮಿ, ಗಾಳಿಮರದ ಒಣ ಕಡ್ಡಿ, ತೆಂಗಿನ ಕರಟ
ಸುಡುವುದಂತೆ. ಪೂರ್ತಿ ಸುಡಬಾರದಂತೆ.
ಕುಮಟೆಯಲ್ಲಿ ಯಾರೋ ಕಲಿಸಿದರಂತೆ, ಬಯೋಚಾರ್ ಎಂದು.
ಅವಳ ಬಾಯಲ್ಲಿ ಅದು ಬಾಯಿಚಾರು,
ನಾಲ್ಕು ಮನೆ ದಾಟುವಷ್ಟರಲ್ಲಿ
ಒಂದು ಬಗೆಯ ಸಾರೇ ಆಗಿಹೋಗಿತ್ತು.

ಅವಳ ಗದ್ದೆ ನನಗೆ ಗೊತ್ತು.
ಕಡಲಿಂದ ಎರಡು ಕೂಗಿನ ದೂರ, ಹೊಯ್ಗೆ ಮಣ್ಣು, ಜರಡಿ.
ಸೊಪ್ಪು ಹಾಕಲಿ, ಯೂರಿಯಾ ಹಾಕಲಿ,
ಆಷಾಢದ ಮಳೆ ಮೂರು ದಿನ ಹಿಡಿದರೆ
ಎಲ್ಲ ಇಳಿದು ತೋಡಿಗೆ, ತೋಡಿಂದ ಅಳಿವೆಗೆ.
'ಅಲ್ಲಿಯ ಏಡಿ ಕೊಬ್ಬಿದ್ದು ನನ್ನ ದುಡ್ಡಲ್ಲಿ' ಎನ್ನುತ್ತಾಳೆ.

ಮೊದಲ ಸಲ ಬೂದಿ ಬಂತು.
ಎರಡನೆಯ ಸಲ ಅರೆಬೆಂದ ಕರಟ.
ಮೂರನೆಯ ಸಲ ನಾನೇ ಹೋದೆ,
ಬೇರೆ ಕೆಲಸವಿರಲಿಲ್ಲ ಎಂದುಕೊಂಡು.
ಮೊದಲು ದಪ್ಪ ಬಿಳಿ ಹೊಗೆ, ಅದು ನೀರು.
ಆಮೇಲೆ ಹಳದಿ, ಕಣ್ಣುರಿಸುವಂಥದ್ದು.
ಆಮೇಲೆ ತೆಳ್ಳಗೆ ನೀಲಿ,
ಇದೆಯೋ ಇಲ್ಲವೋ ಎನ್ನುವಷ್ಟು.
'ಈಗ' ಎಂದೆ. 'ಹೊಯ್ಯಿ ನೀರು.'
ಅಜ್ಜನ ಗಂಟಲು ನನ್ನೊಳಗಿದ್ದದ್ದು ಆಗಲೇ ಗೊತ್ತಾದದ್ದು.
ಬೆಂಕಿ ಹಚ್ಚುವುದು ಕೋತಿಗೂ ಬರುತ್ತದೆ,
ಆರಿಸುವ ಹೊತ್ತು ಬಲ್ಲವ ಆಚಾರಿ,
ಎನ್ನುತ್ತಿದ್ದ ವಿಠೋಬಜ್ಜ, ತಿದಿ ಒತ್ತುತ್ತ.

ಕಪ್ಪಾದ ಕರಟ ಬುಟ್ಟಿಗೆ ಬೀಳುವಾಗ
ಗಾಜಿನ ಬಳೆಯ ಹಾಗೆ ಕಿಣಿಗುಟ್ಟಿತು.

ಆ ವರ್ಷ ಸಸಿ ಹಳದಿಯಾಯಿತು.
ಬೀರಣ್ಣ ನಾಯಕ ಹಾಳಿಯ ಮೇಲೆ ನಿಂತು
'ಮಸಣದ ಮಸಿ ತಂದು ಸುರಿದರೆ ಮತ್ತೇನು' ಅಂದ.
ಹಸಿದ ಇದ್ದಿಲು ಅದು. ಮಣ್ಣಲ್ಲಿದ್ದ ಚೂರು ಸತ್ವವನ್ನೂ
ತಾನೇ ಹೀರಿಕೊಂಡು ಕೂತಿತ್ತು,
ಹೊಸ ಮಡಕೆ ಮೊದಲ ದಿನದ ನೀರು ಕುಡಿದ ಹಾಗೆ.
'ಪಳಗಿಸದೆ ಒಲೆಗಿಡ್ತಾರೇನೇ ಮಂಗಿ' ಎಂದು
ಬುದವಂತಿ ತನ್ನನ್ನೇ ಬೈದುಕೊಂಡಳು.

ಮುಂದಿನ ಬೇಸಿಗೆ
ಬೇಲೇಕೇರಿಯಿಂದ ಮೀನು ತೊಳೆದ ನೀರು, ಗಂಜಲ, ಸಗಣಿ,
ಅದರಲ್ಲಿ ಇದ್ದಿಲು ಮುಳುಗಿಸಿ ಒಂದು ತಿಂಗಳು.
ನಾತವೆಂದರೆ ನಾತ.
ಮೂರು ಕೇರಿಯ ಬೆಕ್ಕುಗಳು ಹಗಲೂ ರಾತ್ರಿ ಕಾವಲು.

ಚಮತ್ಕಾರ ಏನಿಲ್ಲ. ಒಂದು ಮೂಟೆ ಹೆಚ್ಚು,
ಅದೂ ಅವಳ ಕೊಳಗದ ಲೆಕ್ಕ.
ಆದರೆ ಶ್ರಾವಣದಲ್ಲಿ ಹನ್ನೊಂದು ದಿನ ಮಳೆ ಬಿಟ್ಟಾಗ
ಬೀರಣ್ಣನ ಗದ್ದೆ ಬಿಳಿಚಿ ಬಿಸಿಯಾಗಿತ್ತು,
ಇವಳದಕ್ಕೆ ಕಾಲಿಟ್ಟರೆ ಇನ್ನೂ ತಣ್ಣಗೆ.

'ಬಾ ಇಲ್ಲಿ' ಎಂದು ಬಡಗಣ ಮೂಲೆಗೆ ಕರೆದಳು.
ಎರಡು ಮಾರು ಜಾಗ, ಅಲ್ಲಿ ಭತ್ತ
ಉಳಿದದ್ದಕ್ಕಿಂತ ಗೇಣೆತ್ತರ, ಹಸಿರೂ ಬೇರೆ.
'ನಿನ್ನಜ್ಜ ಕುಲುಮೆ ಬಾಚಿ ಚೆಲ್ಲುತ್ತಿದ್ದ ಜಾಗ.
ಮದುವೆಯಾಗಿ ಬಂದ ವರ್ಷದಿಂದ ನೋಡ್ತಿದ್ದೆ.
ಕುಮಟೆಯವರು ಹೆಸರು ಹೇಳಿದರು, ಅಷ್ಟೇ.'
ಅಂಕೋಲೆಯಲ್ಲಿ ಮೂರು ವೆಲ್ಡಿಂಗ್ ಶಾಪಿದ್ದೂ
ಡ್ರಮ್ಮು ನನ್ನ ಬಾಗಿಲಿಗೇ ಯಾಕೆ ಉರುಳಿತೆಂದು
ನಾನು ಕೇಳಲಿಲ್ಲ.

ಬಗ್ಗಿ ಒಂದು ಹಿಡಿ ಕಿತ್ತೆ.
ಅದರೊಳಗೆ ಉಗುರಿನಷ್ಟು ಇದ್ದಿಲು,
ಐವತ್ತು ಮಳೆಗಾಲ ಕಳೆದರೂ ಅಂಚು ಮಸುಕಾಗದೆ,
ನಡುವಿನ ಬಿರುಕಲ್ಲಿ ಒಂದು ಬಿಳಿ ಬೇರು
ಮನೆ ಸಿಕ್ಕವರ ಹಾಗೆ ಕಾಲು ಚಾಚಿತ್ತು.

ಚೊಂಬಿಂದ ಕೈಗೆ ನೀರು ಹೊಯ್ದಳು.
ಉಗುರ ಸಂದಿಯ ಕಪ್ಪು ಪೂರ್ತಿ ಹೋಗಲಿಲ್ಲ.
ಅಂಗಡಿಗೆ ಬಂದರೆ ಬೀರಣ್ಣ ನಾಯಕ ನಿಂತಿದ್ದ,
ತುಕ್ಕು ಹಿಡಿದೊಂದು ಡ್ರಮ್ಮಿನ ಮೇಲೆ ಕೈಯಿಟ್ಟು,
ರಸ್ತೆಯಾಚೆ ಏನೋ ಇದೆಯೆಂಬಂತೆ ನೋಡುತ್ತ.